ಹಾಡು ಬರುವ ಮೊದಲೇ ಮಂಗಳಾರತಿ

ಆಲ್ಬಂ ಕೇಳಬೇಕಾದರೆ ಮೊದಲು ಅದು ಬಿಡುಗಡೆಯಾಗಬೇಕು ಅನ್ನುವುದು ಕ್ಯಾಸೆಟ್ ಕಾಲದ ಮೂಢನಂಬಿಕೆ. ನಿಜವಾದ ಅಭಿಮಾನಿ ಅಷ್ಟು ಹೊತ್ತು ಕಾಯುವುದಿಲ್ಲ. ಪೋಸ್ಟರ್ ನೋಡಿದಾಗಲೇ ಅವನು ಅರ್ಧ ಕೇಳಿರುತ್ತಾನೆ. ಟೀಸರ್ ಬಂದ ದಿನ ಮುಕ್ಕಾಲು ಆಗುತ್ತದೆ. ಹಾಡುಗಳ ಪಟ್ಟಿ ಹೊರಬಿದ್ದ ರಾತ್ರಿ ಪೂರ್ತಿ ಮುಗಿಸಿ, 'ಹಳೇ ಖದರ್ ಇಲ್ಲ ಗುರು' ಎಂದು ತೀರ್ಪು ಬರೆದು, ನೆಮ್ಮದಿಯಾಗಿ ಮಲಗಿರುತ್ತಾನೆ. ಆಮೇಲೆ ಯಾವತ್ತೋ ಒಂದು ದಿನ ಆಲ್ಬಂ ಬರುತ್ತದೆ, ಪಾಪ. ಅಷ್ಟರಲ್ಲಿ ಅದನ್ನು ಕೇಳುವ ದರ್ದು ಯಾರಿಗೂ ಉಳಿದಿರುವುದಿಲ್ಲ.

ಅದೂ ಇಬ್ಬರು ಸೇರಿ ಮಾಡುವ ಆಲ್ಬಂ ಆದರಂತೂ ಕೇಳಲೇಬೇಡಿ. ಹುಡುಗ ಹುಡುಗಿ ಒಪ್ಪಿ, ಲಗ್ನಪತ್ರಿಕೆ ಅಚ್ಚಾದ ಮೇಲೂ ಎರಡೂ ಕಡೆಯ ಬೀಗರು ಛತ್ರದ ಬಾಗಿಲಲ್ಲಿ ಪಂಚೆ ಎತ್ತಿ ಕಟ್ಟಿ ನಿಂತ ಹಾಗೆ ಅಭಿಮಾನಿಗಳು ನಿಂತುಬಿಡುತ್ತಾರೆ. 'ನಮ್ಮವರಿಗೆ ಏನು ಕಮ್ಮಿಯಾಗಿತ್ತು ಅಂತ ಅವರ ಜತೆ ಸೇರಿಕೊಂಡರು?' ಈ ಪ್ರಶ್ನೆಯನ್ನು ಎರಡೂ ಕಡೆಯವರು ಒಂದೇ ಶ್ರುತಿಯಲ್ಲಿ ಕೇಳುತ್ತಾರೆ. ಇಡೀ ಪ್ರಕರಣದಲ್ಲಿ ಶ್ರುತಿ ಸೇರುವುದು ಅಲ್ಲೊಂದೇ ಕಡೆ. ನಮ್ಮವರೇನೂ ಕಡಿಮೆಯಿಲ್ಲ ಬಿಡಿ. ಭೀಮಸೇನ ಜೋಶಿ, ಬಾಲಮುರಳಿಕೃಷ್ಣ ಒಂದೇ ವೇದಿಕೆಯಲ್ಲಿ ಕೂತು ಜುಗಲಬಂದಿ ಹಾಡಿದರೂ 'ಯಾರು ಗೆದ್ದರು' ಎಂದು ಕೇಳುವ ರಸಿಕರು ನಮ್ಮಲ್ಲಿ ಇದ್ದಾರೆ.

ಈ ಶಾಸ್ತ್ರದಲ್ಲಿ ಯಾರಾದರೂ ಪಿಎಚ್‌ಡಿ ಮಾಡುವುದಾದರೆ ಒಂದೇ ಪಠ್ಯ ಸಾಕು. 2011ರ 'ಲುಲು' ಆಲ್ಬಂ. ಒಂದು ಕಡೆ ಮೆಟಾಲಿಕಾ. 1981ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಹುಟ್ಟಿ, ಜಗತ್ತಿನ ಅರ್ಧದಷ್ಟು ಹುಡುಗರ ಕತ್ತು ಉಳುಕಿಸಿದ, ಮೆಟಲ್ ಎಂಬ ಅಬ್ಬರದ ಸಂಗೀತದ ಬ್ಯಾಂಡು. ಇನ್ನೊಂದು ಕಡೆ ಲೂ ರೀಡ್. ನ್ಯೂಯಾರ್ಕಿನ ಮುಂಗೋಪಿ ಕವಿ, ಆಗ ವಯಸ್ಸು 69. ಹಾಡುತ್ತಿದ್ದಾರೋ, ಹಾಲಿನವನ ಲೆಕ್ಕ ಓದುತ್ತಿದ್ದಾರೋ ಅನುಮಾನ ಬರುವಂಥ ಕಂಠ. ಇವರಿಬ್ಬರೂ 2009ರ ಅಕ್ಟೋಬರ್‌ನಲ್ಲಿ ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ, ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್‌ನ 25ನೇ ವರ್ಷದ ಕಛೇರಿಯಲ್ಲಿ ಒಟ್ಟಿಗೆ ನುಡಿಸಿದರು. ಚೆನ್ನಾಗಿ ಕೂಡಿಬಂತು. 'ಒಂದು ರೆಕಾರ್ಡ್ ಮಾಡೋಣ' ಅಂದರು. ಮೊದಲು ಲೂ ರೀಡ್‌ರ ಹಳೆಯ ಹಾಡುಗಳನ್ನೇ ಹೊಸದಾಗಿ ನುಡಿಸುವ ಯೋಚನೆ ಇತ್ತು. ಅಷ್ಟಕ್ಕೇ ನಿಂತಿದ್ದರೆ ಯಾರ ಬಿಪಿಯೂ ಏರುತ್ತಿರಲಿಲ್ಲ. ಆದರೆ ಬರ್ಲಿನ್ನಿನ ನಾಟಕವೊಂದಕ್ಕೆಂದು ತಾವು ಬರೆದಿಟ್ಟುಕೊಂಡಿದ್ದ ಹಾಡುಗಳ ಕಟ್ಟನ್ನು ರೀಡ್ ಸ್ಟುಡಿಯೋಗೆ ತಂದರು. 2011ರ ಜೂನ್‌ನಲ್ಲಿ ಸುದ್ದಿ ಹೊರಬಿತ್ತು: ಆಲ್ಬಂ ರೆಡಿ.

ಬೆಂಗಳೂರಿಗೆ ಆ ವರ್ಷ ವಿಶೇಷ. ಮೆಟಾಲಿಕಾ ಭಾರತಕ್ಕೆ ಮೊದಲ ಸಲ ಬರುವುದಿತ್ತು. ಅಕ್ಟೋಬರ್ 30, ಅರಮನೆ ಮೈದಾನ. ಮಾರನೇ ದಿನವೇ, ಅಕ್ಟೋಬರ್ 31ಕ್ಕೆ, 'ಲುಲು' ಬಿಡುಗಡೆ. ಅಮೆರಿಕದಲ್ಲಿ ಇನ್ನೊಂದು ದಿನ ತಡ, ಅಂದರೆ ಸರಿಯಾಗಿ ನಮ್ಮ ರಾಜ್ಯೋತ್ಸವಕ್ಕೆ. ಕಾಯುವ ವಿಷಯದಲ್ಲಿ ಬೆಂಗಳೂರಿಗರಿಗೆ ಯಾರೂ ಪಾಠ ಹೇಳಬೇಕಾಗಿಲ್ಲ. 2006ರಲ್ಲಿ ಶಂಕುಸ್ಥಾಪನೆಯಾದ ಮೆಟ್ರೋಗೆ ಎಂ.ಜಿ. ರಸ್ತೆ ಅಗೆದುಕೊಂಡು ಕಾದು, ಅದೇ ಅಕ್ಟೋಬರ್ 20ರಂದು ಬೈಯಪ್ಪನಹಳ್ಳಿವರೆಗೆ ಹೋಗಿ, ಅಲ್ಲಿ ಏನೂ ಕೆಲಸವಿಲ್ಲದೆ ಹಾಗೇ ವಾಪಸು ಬಂದು ಖುಷಿಪಟ್ಟ ಜನ ನಾವು.

ನನ್ನ ಪರಿಚಯದ ಒಬ್ಬನಿದ್ದ. ಹೆಸರು ಬೇಡ, ಕಪ್ಪು ಟೀಶರ್ಟು ಅನ್ನೋಣ. ಒಗೆದದ್ದೋ ಒಗೆಯದ್ದೋ, ಆ ಬಣ್ಣ ಬಿಟ್ಟು ಬೇರೆಯದರಲ್ಲಿ ಅವನನ್ನು ಕಂಡವರಿಲ್ಲ. 2007ರ ಮಾರ್ಚ್‌ನಲ್ಲಿ ಇದೇ ಅರಮನೆ ಮೈದಾನದಲ್ಲಿ ಐರನ್ ಮೇಡನ್ ನುಡಿಸಿದಾಗಿನ ಟಿಕೆಟ್ ಚೂರು ಇವನ ಪರ್ಸಿನಲ್ಲಿ ಕುಲದೇವರ ಫೋಟೋದ ಹಿಂದೆ ಇರುತ್ತಿತ್ತು. ಗಾಂಧಿನಗರದಲ್ಲಿ ಸಿನಿಮಾ ಬಿಡುಗಡೆಯ ದಿನ ಕಟೌಟ್ ಮೇಲೆ ಹತ್ತಿ ಹಾಲು ಸುರಿಯುವವರನ್ನು ಕಂಡರೆ ಅವನಿಗೆ ಅಸಹ್ಯ. 'ಅವರದು ಅಂಧಾಭಿಮಾನ ಗುರು. ನಮ್ಮದು ಮ್ಯೂಸಿಕ್ ಸೆನ್ಸು.' ಹೀಗೆಂದವನು ರೆಸ್ಟ್ ಹೌಸ್ ರೋಡಿನ ಪೆಕೋಸ್ ಪಬ್ಬಿನಲ್ಲಿ ಕೂತು, ಗೋಡೆಯ ಮೇಲಿನ ಗಿಟಾರಿಸ್ಟನ ಫೋಟೋಗೆ ಬಿಯರ್ ಮಗ್ ಎತ್ತಿ ತೋರಿಸಿ, ಕಣ್ಣು ಮುಚ್ಚಿ ಒಂದು ಗುಟುಕು ಹಾಕುತ್ತಿದ್ದ. ಹಾಲು ಮೇಲಿಂದ ಕೆಳಗೆ ಬಿದ್ದರೆ ಅದು ಅಭಿಷೇಕ, ಬಿಯರ್ ಗಂಟಲಿಂದ ಕೆಳಗೆ ಇಳಿದರೆ ಸಂಗೀತಜ್ಞಾನ.

ಜೂನ್ ಸುದ್ದಿ ಬಂದ ವಾರ ಕಪ್ಪು ಟೀಶರ್ಟು ಮೂರು ಹಂತ ದಾಟಿತು. ಮೊದಲನೆಯದು ಪುಳಕ: 'ಹೊಸ ಆಲ್ಬಂ!' ಎರಡನೆಯದು ಗಲಿಬಿಲಿ: 'ಯಾರ ಜತೆ?' ಮೂರನೆಯದು ಶೋಕ: 'ಕೆಟ್ಟುಹೋದರು.' ಈ ಮೂರನೆಯ ಮಾತಿಗೆ ದೊಡ್ಡ ಪರಂಪರೆಯೇ ಇದೆ. 1984ರ ಎರಡನೇ ಆಲ್ಬಂನಲ್ಲಿ ಒಂದು ನಿಧಾನದ ಹಾಡಿನಲ್ಲಿ ಅಕೂಸ್ಟಿಕ್ ಗಿಟಾರ್ ಕೇಳಿಸಿತು ಎಂದು ಅಭಿಮಾನಿಗಳು 'ಕೆಟ್ಟುಹೋದರು' ಅಂದರು. ಆಗ ಬ್ಯಾಂಡಿಗೆ ಇನ್ನೂ ಮೂರು ವರ್ಷ. 1989ರಲ್ಲಿ ಮೊದಲ ಸಲ ವಿಡಿಯೋ ಮಾಡಿದರು, ಕೆಟ್ಟರು. 1991ರ ಕಪ್ಪು ಆಲ್ಬಂ ಅಮೆರಿಕದಲ್ಲೇ ಒಂದೂವರೆ ಕೋಟಿಗಿಂತ ಹೆಚ್ಚು ಖರ್ಚಾಗುತ್ತ ಹೋಯಿತು; ಅಂದರೆ ಒಂದೂವರೆ ಕೋಟಿ ಜನ ದುಡ್ಡು ಕೊಟ್ಟು ಮನೆಗೆ ತಂದಿಟ್ಟುಕೊಂಡು 'ಕೆಟ್ಟರು' ಅಂದರು. 1996ರಲ್ಲಿ ಅವರು ಕೂದಲು ಕತ್ತರಿಸಿಕೊಂಡಾಗಿನ ಗೋಳು ಕೇಳಬೇಕಿತ್ತು, ತಿರುಪತಿಯಲ್ಲೂ ಒಂದು ಮುಡಿಗೆ ಅಷ್ಟು ಮಹತ್ವ ಕೊಡುವುದಿಲ್ಲ. 1999ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ಸಿಂಫನಿಯ ಜತೆ ನುಡಿಸಿದಾಗ ಪಿಟೀಲು ಕಂಡು ಕೆಟ್ಟರು. 2000ದಲ್ಲಿ, ಇಂಟರ್‌ನೆಟ್‌ನಲ್ಲಿ ಹಾಡು ಹಂಚಿಕೊಳ್ಳುವ ನ್ಯಾಪ್‌ಸ್ಟರ್ ಮೇಲೆ ಕೇಸು ಹಾಕಿ, ಹಾಡು ಪುಕ್ಕಟೆ ಇಳಿಸಿಕೊಂಡ 3 ಲಕ್ಷಕ್ಕೂ ಹೆಚ್ಚು ಬಳಕೆದಾರರ ಪಟ್ಟಿಯನ್ನು ಡ್ರಮ್ಮರ್ ಲಾರ್ಸ್ ಉಲ್ರಿಕ್ ಖುದ್ದಾಗಿ ಕೊಟ್ಟುಬಂದಾಗ, ಅದುವರೆಗೆ ಒಂದು ಸಿಡಿಯನ್ನೂ ಕೊಳ್ಳದವರು ಕೂಡ ತಾತ್ವಿಕವಾಗಿ ನೊಂದರು. 2003ರಲ್ಲಿ ಸ್ನೇರ್ ಡ್ರಮ್ಮು ಡಬ್ಬ ಬಡಿದ ಹಾಗಿದೆ ಅಂದರು (ಇದು ಮಾತ್ರ ಸತ್ಯ, ಅದು ಡಬ್ಬವೇ). 2008ರ ಆಲ್ಬಂನ ಸದ್ದು ಒಡೆಯುತ್ತಿದೆ ಎಂದು, ಅವೇ ಹಾಡುಗಳು ಸ್ವಚ್ಛವಾಗಿ ಕೇಳಿಸುವ ವಿಡಿಯೋ ಗೇಮಿನೊಳಗಿನ ಪ್ರತಿಯನ್ನು ಹೊರತೆಗೆದು ಕೇಳಿದರು. ಅದೇ ಆಲ್ಬಂ ಅಮೆರಿಕದಲ್ಲಿ ಮೊದಲ ಮೂರು ದಿನದಲ್ಲಿ 4 ಲಕ್ಷ 90 ಸಾವಿರ ಪ್ರತಿ ಹೋಯಿತು.

ಇಪ್ಪತ್ತೇಳು ವರ್ಷದಿಂದ ಪ್ರತಿ ಸಲ ಕೆಡುತ್ತಲೇ ಬಂದಿರುವ ಬ್ಯಾಂಡಿನಲ್ಲಿ ಇನ್ನೂ ಕೆಡದ ಭಾಗ ಎಲ್ಲಿ ಉಳಿದಿದೆ ಎಂದು ಕಪ್ಪು ಟೀಶರ್ಟನ್ನು ಕೇಳಿದೆ. 'ಹಳೇ ಮೂರು ಆಲ್ಬಂ ಇದೆಯಲ್ಲ' ಅಂದ. ಆ ಮೂರೂ ಇವನು ಪ್ರೈಮರಿ ಸ್ಕೂಲಿಗೆ ಸೇರುವ ಮೊದಲೇ ಬಂದವು.

ಈ ಹೊತ್ತಿಗೆ ಕಥೆಯೊಳಗೆ ಜುಬ್ಬಾದ ಪ್ರವೇಶ. ಇವನೂ ಗೆಳೆಯನೇ. ಹವ್ಯಾಸಿ ರಂಗಭೂಮಿ, ಹೆಗಲಿಗೆ ಬಟ್ಟೆ ಚೀಲ, ಸಂಜೆಯಾದರೆ ರವೀಂದ್ರ ಕಲಾಕ್ಷೇತ್ರದ ಮೆಟ್ಟಿಲು. 'ಲುಲು' ಹಾಡುಗಳು ಮೂಲತಃ ಬರ್ಲಿನರ್ ಎನ್‌ಸೆಂಬಲ್‌ನಲ್ಲಿ ನಿರ್ದೇಶಕ ರಾಬರ್ಟ್ ವಿಲ್ಸನ್ 2011ರ ಏಪ್ರಿಲ್‌ನಲ್ಲಿ ರಂಗಕ್ಕೆ ತಂದ ನಾಟಕಕ್ಕೆ ಬರೆದವು ಎಂದು ಗೊತ್ತಾದ ಕೂಡಲೇ ಅವನ ಕಣ್ಣು ಹೊಳೆಯಿತು. ಬರ್ಲಿನರ್ ಎನ್‌ಸೆಂಬಲ್ ಅಂದರೆ ಜರ್ಮನ್ ನಾಟಕಕಾರ ಬ್ರೆಕ್ಟ್ ಕಟ್ಟಿದ ತಂಡ. ಕನ್ನಡ ರಂಗಭೂಮಿಯಲ್ಲಿ ಬ್ರೆಕ್ಟ್ ಹೆಸರು ಕೇಳಿ ಎದ್ದು ನಿಲ್ಲದವನು ಇನ್ನೂ ಮೇಕಪ್ ಹಚ್ಚಿಲ್ಲ ಅಂತಲೇ ಲೆಕ್ಕ. ಇಬ್ಬರನ್ನೂ ಒಂದು ದರ್ಶಿನಿಯಲ್ಲಿ ಕೂಡಿಸುವ ಪುಣ್ಯ ನನ್ನದಾಯಿತು. ಕೂಡಿಸುವುದೇನು, ದರ್ಶಿನಿಯಲ್ಲಿ ಕೂರಲು ಜಾಗವೆಲ್ಲಿ. ಎದೆಮಟ್ಟದ ಸ್ಟೀಲ್ ಕಟ್ಟೆಗೆ ಒರಗಿಸಿ ನಿಲ್ಲಿಸಿದೆ.

'ಲುಲು ಯಾರು ಗೊತ್ತೇನಪ್ಪ?' ಜುಬ್ಬಾ ಶುರುಮಾಡಿತು. 'ಫ್ರಾಂಕ್ ವೆಡೆಕಿಂಡ್‌ನ ನಾಯಕಿ. 1895ರದ್ದು ಒಂದು ನಾಟಕ, 1904ರದ್ದು ಇನ್ನೊಂದು. ಗಂಡಸರೆಲ್ಲ ಅವಳ ಹಿಂದೆ ಬಿದ್ದು ಹಾಳಾಗ್ತಾರೆ. ಕೊನೆಗೆ ಲಂಡನ್ನಿನಲ್ಲಿ ಜ್ಯಾಕ್ ದಿ ರಿಪ್ಪರ್ ಕೈಗೆ ಸಿಕ್ಕಿ ಸಾಯ್ತಾಳೆ. ಬೂರ್ಜ್ವಾ ಸಮಾಜದ ಸೋಗಲಾಡಿತನವನ್ನ...'

'ಸೋಲೋ ಇದೆಯಾ?' ಕಪ್ಪು ಟೀಶರ್ಟು ಕೇಳಿತು.

'ಏನು?'

'ಗಿಟಾರ್ ಸೋಲೋ ಮಗಾ. ಎಷ್ಟು ನಿಮಿಷ?'

ಜುಬ್ಬಾ ವಡೆಯನ್ನು ಸಾಂಬಾರಿನಲ್ಲಿ ಒತ್ತಿ ಮುಳುಗಿಸಿತು. ನಾನು ಆ ಬಿಡುವಿನಲ್ಲಿ, 'ನೀನು ವೆಡೆಕಿಂಡ್ ಓದಿದ್ದೀಯಾ?' ಎಂದು ಕೇಳಿಬಿಟ್ಟೆ. 'ಓದೋದಲ್ಲ, ಅದು ಆಡಬೇಕಾದ ನಾಟಕ' ಅಂದ. 'ನೋಡಿದ್ದೀಯಾ?' ಅಂದೆ. 'ವಿಲ್ಸನ್ ಬೆಳಕಿನ ವಿನ್ಯಾಸದ ಬಗ್ಗೆ ಒಂದು ಲೇಖನ ಇದೆ, ಕಳಿಸ್ತೀನಿ' ಅಂದ. ಹಾಗೆ, ಕೇಳದ ಆಲ್ಬಂನ ಬಗ್ಗೆ ಓದದ ನಾಟಕದ ಆಧಾರದ ಮೇಲೆ ಒಂದೂವರೆ ಗಂಟೆ ಚರ್ಚೆ ನಡೆಯಿತು. ಎರಡು ಸಲ ಕಾಫಿ ಆಯಿತು. ಕಟ್ಟೆ ಒರೆಸುವ ಹುಡುಗ ಒದ್ದೆ ಬಟ್ಟೆ ಹಿಡಿದು ನಾಲ್ಕನೇ ಸುತ್ತು ಬಂದಾಗ ಇಬ್ಬರೂ ಒಮ್ಮತಕ್ಕೆ ಬಂದಿದ್ದರು: ಇದು ಆಗಬಾರದಿತ್ತು. ಒಬ್ಬನ ಪ್ರಕಾರ ಸಾಹಿತ್ಯ ಮೆಟಲ್ಲನ್ನು ಕೆಡಿಸಿತು, ಇನ್ನೊಬ್ಬನ ಪ್ರಕಾರ ಮೆಟಲ್ ಸಾಹಿತ್ಯವನ್ನು.

ಸೆಪ್ಟೆಂಬರ್‌ನಲ್ಲಿ ಮೂವತ್ತು ಸೆಕೆಂಡಿನ ತುಣುಕೊಂದನ್ನು ಬಿಟ್ಟರು. ಆಗಿನ ಇಂಟರ್‌ನೆಟ್‌ನಲ್ಲಿ ಮೂವತ್ತು ಸೆಕೆಂಡ್ ಕೇಳಲು ನಾಲ್ಕು ನಿಮಿಷ ಬೇಕು; ಆ ಬಿಳಿ ಚುಕ್ಕೆಗಳು ಸುತ್ತುವುದನ್ನು ನೋಡುತ್ತಲೇ ಜಗತ್ತಿನಾದ್ಯಂತ ವಿಮರ್ಶೆಗಳು ತಯಾರಾದವು. ಎಂಬತ್ತೇಳು ನಿಮಿಷದ ಆಲ್ಬಂ, ಎರಡು ಸಿಡಿ, ಹತ್ತು ಹಾಡು. ಅದರಲ್ಲಿ ಅರ್ಧ ನಿಮಿಷ ಸಿಕ್ಕಿತ್ತು. ಇಷ್ಟು ಸ್ಯಾಂಪಲ್ಲಿನ ಮೇಲೆ ಚುನಾವಣಾ ಸಮೀಕ್ಷೆಯವರೂ ಸರ್ಕಾರ ಬೀಳಿಸುವುದಿಲ್ಲ. ಸೆಪ್ಟೆಂಬರ್ 27ಕ್ಕೆ ಪೂರ್ತಿ ಹಾಡು ಬಂತು. ಅದರಲ್ಲಿ ಗಾಯಕ ಜೇಮ್ಸ್ ಹೆಟ್‌ಫೀಲ್ಡ್ ತಾನೊಂದು ಮೇಜು ಎಂದು ಎದೆ ಸೀಳಿಕೊಂಡು ಕೂಗುವ ಜಾಗವೊಂದಿದೆ. ಮುಗಿಯಿತು. ಒಂದು ವಾರ ಇಡೀ ಭೂಮಂಡಲದ ಮೆಟಲ್ ಪ್ರಪಂಚ ಪೀಠೋಪಕರಣದ ಜೋಕಿನಲ್ಲಿ ಮುಳುಗಿತು. ನಮ್ಮ ಪಬ್ಬಿನಲ್ಲಿ ಸಪ್ಲೈಯರ್ ಬಂದು 'ಬಿಲ್ ಯಾವ ಟೇಬಲ್‌ಗೆ ಸಾರ್?' ಎಂದು ಕೇಳಿದರೆ ಆರು ಜನ ಎದ್ದು ನಿಂತು ಎದೆ ತಟ್ಟಿಕೊಳ್ಳುತ್ತಿದ್ದರು. ದುಡ್ಡು ಕೊಡುವ ಹೊತ್ತಿಗೆ ಮತ್ತೆ ಎಲ್ಲರೂ ಮನುಷ್ಯರು.

ಆ ಕಡೆ ಲೂ ರೀಡ್‌ಗೆ ಕೊಲ್ಲುತ್ತೇವೆ ಎಂಬ ಬೆದರಿಕೆಗಳೂ ಬಂದವು. ಆಲ್ಬಂ ಇನ್ನೂ ಕೇಳೇ ಇಲ್ಲ, ಆಗಲೇ ನನಗೆ ಬಗೆಬಗೆಯ ಚಿತ್ರಹಿಂಸೆ ಶಿಫಾರಸು ಮಾಡುತ್ತಿದ್ದಾರೆ ಎಂದು ಅವರೇ ಪತ್ರಿಕೆಯವರ ಮುಂದೆ ಹೇಳಿಕೊಂಡರು. ತಮ್ಮ ಅಭಿಮಾನಿಗಳ ಬಗ್ಗೆ ಕೇಳಿದಾಗ, 1975ರ 'ಮೆಟಲ್ ಮಷೀನ್ ಮ್ಯೂಸಿಕ್' ಬಂದ ಮೇಲೆ ಯಾರೂ ಉಳಿದಿಲ್ಲ, ಎಲ್ಲ ಓಡಿಹೋದರು ಎಂದರು. ಅದು ಒಂದು ಗಂಟೆಗೂ ಮೀರಿ ಬರೀ ಗಿಟಾರಿನ ಕಿರುಚಾಟವಿರುವ ಜೋಡಿ ರೆಕಾರ್ಡು. ಅಭಿಮಾನಿಗಳನ್ನು ಒಂದೇ ಏಟಿಗೆ ಓಡಿಸಿ ಮೂವತ್ತಾರು ವರ್ಷ ತಮ್ಮ ಪಾಡಿಗೆ ತಾವು ಹಾಡಿಕೊಂಡಿದ್ದ ಮನುಷ್ಯ ಅವರು. ಹೀಗೆ ಮಾಡುವ ಧೈರ್ಯ ನಮ್ಮ ಯಾವ ಸ್ಟಾರಿಗೆ ಇದೆ ಹೇಳಿ? ಇಲ್ಲಿ ರಾಜ್‌ಕುಮಾರ್ ವಿನಯದಿಂದ 'ಅಭಿಮಾನಿ ದೇವರುಗಳೇ' ಎಂದು ಕರೆದ ಒಂದು ಮಾತನ್ನೇ ಹಿಡಿದುಕೊಂಡು, ದೇವರುಗಳು ಅಂದಿನಿಂದ ಇಂದಿನವರೆಗೆ ಹರಕೆ ವಸೂಲಿ ಮಾಡುತ್ತಲೇ ಇದ್ದಾರೆ.

ಇನ್ನು ಆ ಅಕ್ಟೋಬರ್ ಕೊನೆಯ ವಾರ. 26ಕ್ಕೆ ದೀಪಾವಳಿ. 28ಕ್ಕೆ ಗುರುಗ್ರಾಮದಲ್ಲಿ ಮೆಟಾಲಿಕಾದ ಮೊದಲ ಕಾರ್ಯಕ್ರಮ ಆಗಬೇಕಿತ್ತು; ಸುರಕ್ಷತೆಯ ಕಾರಣಕ್ಕೆ ಕೊನೇ ಗಳಿಗೆಯಲ್ಲಿ ನಿಂತುಹೋಗಿ, ಸಿಟ್ಟಿಗೆದ್ದವರು ವೇದಿಕೆ ಮೇಲೆ ನುಗ್ಗಿ ಕೈಗೆ ಸಿಕ್ಕಿದ್ದನ್ನೆಲ್ಲ ಪುಡಿಗಟ್ಟಿದರು. ಬೆಂಗಳೂರಿನ ಕಪ್ಪು ಟೀಶರ್ಟುಗಳಿಗೆ ಎರಡು ರಾತ್ರಿ ನಿದ್ದೆಯಿಲ್ಲ. ನಮ್ಮವನು ಬಸವನಗುಡಿಯ ದೊಡ್ಡ ಗಣಪನಿಗೆ ತೆಂಗಿನಕಾಯಿ ಹೇಳಿಕೊಂಡ. ಟೀಶರ್ಟಿನ ಮೇಲೆ ತಲೆಬುರುಡೆ, ಹಣೆಯ ಮೇಲೆ ಕುಂಕುಮ, ಅವನಮ್ಮನಿಗೆ ಆ ವಾರವೆಲ್ಲ ಬಲು ಸಮಾಧಾನ: 'ಹುಡುಗ ದಾರಿಗೆ ಬಂದ.'

30ರ ಭಾನುವಾರ ಕಾರ್ಯಕ್ರಮ ಆಯಿತು, ಭರ್ಜರಿಯಾಗಿಯೇ ಆಯಿತು. ಅದರ ಬಗ್ಗೆ ವ್ಯಂಗ್ಯ ಆಡಲು ಬಾಯಿ ಬರುವುದಿಲ್ಲ. ಕೆಸರಿನಲ್ಲಿ ಶೂ ಹೂತುಕೊಂಡು, ಗುರುತಿಲ್ಲದವನ ಹೆಗಲ ಮೇಲೆ ಕೈ ಹಾಕಿಕೊಂಡು, ಸಾವಿರಾರು ಜನ ಒಂದೇ ಗಂಟಲಿನಲ್ಲಿ ಗಿಟಾರಿನ ಸ್ವರವನ್ನೂ ಸೇರಿಸಿ ಹಾಡಿದರು. ನಿಂತೇ ಇರುವ ಹೆಬ್ಬಾಳ ಕಡೆಯ ಟ್ರಾಫಿಕ್ಕಿಗೂ ಆ ರಾತ್ರಿ ಹಿನ್ನೆಲೆ ಸಂಗೀತ ಸಿಕ್ಕಿತು. ನನಗೆ ಕುತೂಹಲ ಇದ್ದದ್ದು ಬೇರೆ. ಬೆಳಗಾದರೆ ಬಿಡುಗಡೆಯಾಗುವ ಆಲ್ಬಂನಿಂದ ಒಂದಾದರೂ ಹಾಡು ನುಡಿಸುತ್ತಾರೋ? ಇಲ್ಲ, ಒಂದೂ ಇಲ್ಲ. ಯಾರೂ ಕೇಳಲೂ ಇಲ್ಲ. ನಾಲ್ಕು ತಿಂಗಳಿಂದ ಊಟ ನಿದ್ದೆ ಬಿಟ್ಟು ಜಗಳವಾಡಿದ ಆಲ್ಬಂನ ಹೆಸರು ಆ ಮೈದಾನದಲ್ಲಿ ನನ್ನ ಕಿವಿಗೆ ಬೀಳಲಿಲ್ಲ. ಮೆಟಾಲಿಕಾಗೂ ಅವರ ಅಭಿಮಾನಿಗಳಿಗೂ ಅಷ್ಟು ಒಳ್ಳೆಯ ಹೊಂದಾಣಿಕೆ ಇದೆ: ಅವರು ಹಳೆಯದನ್ನು ನುಡಿಸುತ್ತಾರೆ, ಇವರು ಹೊಸದನ್ನು ಬೈಯುತ್ತಾರೆ, ಟಿಕೆಟ್ ಖರ್ಚಾಗುತ್ತದೆ.

ಮಾರನೇ ದಿನ ಆಲ್ಬಂ ಬಂತು. ವಿಮರ್ಶಕರು ಕಾದು ಕೂತಿದ್ದರು. ಸಂಗೀತ ವಿಮರ್ಶೆಯ ಜಾಲತಾಣ ಪಿಚ್‌ಫೋರ್ಕ್ ಹತ್ತಕ್ಕೆ 1 ಕೊಟ್ಟಿತು. ನಮ್ಮ ಎಸ್ಸೆಸ್ಸೆಲ್ಸಿಯಲ್ಲಿ ಪ್ರಶ್ನೆ ನಂಬರ್ ಸರಿಯಾಗಿ ಬರೆದರೂ ಇದಕ್ಕಿಂತ ಹೆಚ್ಚು ಬರುತ್ತದೆ. ಅಮೆರಿಕದಲ್ಲಿ ಮೊದಲ ವಾರಕ್ಕೆ ಸುಮಾರು 13 ಸಾವಿರ ಪ್ರತಿ ಹೋಯಿತು. ಬೈದವರ ಸಂಖ್ಯೆಗೂ ಕೊಂಡವರ ಸಂಖ್ಯೆಗೂ ಇಷ್ಟು ಅಂತರ ಇರಬೇಕಾದರೆ ಬಹುಪಾಲು ಜನ ಕಿವಿಯ ಹಂಗಿಲ್ಲದೆ ಬೈದಿದ್ದಾರೆ ಅನ್ನುವುದು ಸರಳ ಗಣಿತ. ಕಪ್ಪು ಟೀಶರ್ಟನ್ನು ಕೇಳಿದೆ.

'ಕೇಳಿದೆಯಾ?'

'ಕೇಳೋಕೇನಿದೆ ಗುರು ಅದರಲ್ಲಿ?'

'ಅದನ್ನೇ ಕೇಳಿದ್ದು. ಏನಿದೆ?'

'ಏನೂ ಇಲ್ಲ ಅಂತ ಎಲ್ಲಾ ಕಡೆ ಬರೆದಿದ್ದಾರಲ್ಲ.'

ಬರೆದವರಲ್ಲಿ ಇವನೂ ಒಬ್ಬ. ತಾನೇ ಬರೆದದ್ದನ್ನು ನಾಲ್ಕು ಜನ ಒಪ್ಪಿದ ಮೇಲೆ ಅದನ್ನೇ ಸಾಕ್ಷಿ ಮಾಡಿಕೊಂಡಿದ್ದ. ಕೋರ್ಟುಗಳಲ್ಲಿ ಈ ಪದ್ಧತಿ ಜಾರಿಗೆ ಬಂದರೆ ಬಾಕಿ ಕೇಸುಗಳೆಲ್ಲ ಒಂದು ವಾರದಲ್ಲಿ ಇತ್ಯರ್ಥವಾಗುತ್ತವೆ. ಜುಬ್ಬಾವನ್ನು ಕೇಳಿದೆ. 'ಎಂಬತ್ತೇಳು ನಿಮಿಷಕ್ಕೆ ಮಧ್ಯಂತರ ಇದೆಯಾ?' ಎಂದು ತಿರುಗಿ ನನ್ನನ್ನೇ ಕೇಳಿದ. ಆರು ಗಂಟೆಯ ಪ್ರಯೋಗವನ್ನು ಚಾಪೆಯ ಮೇಲೆ ಕೂತು ನೋಡಿದೆನೆಂದು ಸಿಕ್ಕವರಿಗೆಲ್ಲ ಹೇಳುವವನು.

ನಾನು ಕೇಳಿದೆ. ಹೇಳಲೇಬೇಕೆಂದರೆ ಅರ್ಧ ಆಲ್ಬಂ ನಿಜಕ್ಕೂ ಕಷ್ಟ. ಒಂದು ಕೋಣೆಯಲ್ಲಿ ಒಬ್ಬರು ಕವಿತೆ ಓದುತ್ತಿದ್ದಾರೆ, ಪಕ್ಕದ ಕೋಣೆಯಲ್ಲಿ ನಾಲ್ಕು ಜನ ಪ್ರಾಕ್ಟೀಸ್ ಮಾಡುತ್ತಿದ್ದಾರೆ, ಗೋಡೆ ತೆಳ್ಳಗಿದೆ ಅನ್ನಿಸುತ್ತದೆ. ಆದರೆ ಕೊನೆಯ ಹಾಡು, ಹತ್ತೊಂಬತ್ತು ನಿಮಿಷ ದಾಟುವ 'ಜೂನಿಯರ್ ಡ್ಯಾಡ್', ಬೇರೆಯೇ. ರೆಕಾರ್ಡಿಂಗ್ ಹೊತ್ತಿನಲ್ಲಿ ಅದನ್ನು ಕೇಳಿ ಗಿಟಾರಿಸ್ಟ್ ಕಿರ್ಕ್ ಹ್ಯಾಮೆಟ್ ಅಳು ತಡೆಯಲಾಗದೆ ಕಂಟ್ರೋಲ್ ರೂಮಿನಿಂದ ಎದ್ದು ಹೋದರಂತೆ. ಆಗಷ್ಟೇ ಅವರ ತಂದೆ ತೀರಿಕೊಂಡಿದ್ದರು. ಹೆಟ್‌ಫೀಲ್ಡ್‌ಗೂ ಅದೇ ಗತಿಯಾಯಿತಂತೆ. ಹಾಡಿನ ಕೊನೆಯ ಭಾಗ ಬರೀ ತಂತಿವಾದ್ಯಗಳ ಒಂದೇ ಎಳೆ, ತಂಬೂರಿ ಶ್ರುತಿ ಬಿಟ್ಟಂತೆ ನಿಲ್ಲದೆ ಹರಿಯುತ್ತದೆ. ಅಲ್ಲಿಯವರೆಗೆ ತಲುಪಿದವರು ಯಾರಿದ್ದಾರೆ? ಅದಕ್ಕೆ ಮುಂಚೆ ಒಂಬತ್ತು ಹಾಡು ದಾಟಬೇಕು.

ಲೂ ರೀಡ್ 2013ರ ಅಕ್ಟೋಬರ್ 27ರಂದು ತೀರಿಕೊಂಡರು. 'ಲುಲು' ಅವರ ಕೊನೆಯ ದೊಡ್ಡ ಕೆಲಸವಾಗಿ ಉಳಿಯಿತು. 2015ರಲ್ಲಿ ಕ್ಲೀವ್‌ಲ್ಯಾಂಡ್‌ನಲ್ಲಿ ನಡೆದ ಹಾಲ್ ಆಫ್ ಫೇಮ್ ಸಮಾರಂಭದಲ್ಲಿ ಅವರ ಪತ್ನಿ ಲಾರಿ ಆಂಡರ್ಸನ್ ಒಂದು ಮಾತು ಹೇಳಿದರು: ಇದು ಲೂನ ಅತ್ಯುತ್ತಮ ಕೃತಿ, ಜನಕ್ಕೆ ಅರ್ಥವಾಗಲು ಸಮಯ ಹಿಡಿಯುತ್ತದೆ, ನೋಡುತ್ತಿರು ಎಂದು ರಾಕ್ ದಿಗ್ಗಜ ಡೇವಿಡ್ ಬೋವಿ ತಮಗೆ ಹೇಳಿದ್ದರಂತೆ. ಬೋವಿ ಹೇಳಿದ ಮೇಲೆ ಕೇಳಬೇಕೆ. ಅಂದಿನಿಂದ ಗಾಳಿ ತಿರುಗಿತು. 'ಕಾಲಕ್ಕಿಂತ ಮುಂದಿದ್ದ ಕೃತಿ' ಎಂಬ ಮಾತು ಅಲ್ಲಲ್ಲಿ ತಲೆಯೆತ್ತಿತು. ಜುಬ್ಬಾ ಈಗ ರಂಗ ಶಿಬಿರಗಳಲ್ಲಿ ಅದನ್ನು ಉದಾಹರಣೆಯಾಗಿ ಕೊಡುತ್ತಾನೆ. ಕಪ್ಪು ಟೀಶರ್ಟು ನನ್ನ ಮುಂದೆಯೇ, 'ನಾನು ಆವಾಗಲೇ ಹೇಳಿದ್ದೆ, ನಿಮಗ್ಯಾರಿಗೂ ತಲೆಗೆ ಹೋಗಲಿಲ್ಲ' ಎಂದು ಹೊಸ ಹುಡುಗರಿಗೆ ಪಾಠ ಮಾಡಿದ. ಮೊದಲು ಕೇಳದೇ ಬೈದಿದ್ದ, ಈಗ ಕೇಳದೇ ಹೊಗಳುತ್ತಿದ್ದಾನೆ. ನಿಷ್ಠೆಯಲ್ಲಿ ಕೊರತೆ ಕಾಣುವುದಿಲ್ಲ.

ಈಚೆಗೆ ಅವನ ಮನೆಗೆ ಹೋಗಿದ್ದೆ. ಟೀಶರ್ಟು ಹೊಟ್ಟೆಯ ಹತ್ತಿರ ತುಸು ಬಿಗಿಯಾಗಿದೆ, ತಲೆಬುರುಡೆ ಅಗಲವಾಗಿ ನಕ್ಕಂತೆ ಕಾಣುತ್ತದೆ. ಹೊಸ ಸ್ಪೀಕರ್ ತಂದಿದ್ದ, ಇಎಂಐ ಮೇಲೆ. ಯಾರೋ ಇಬ್ಬರು ದೊಡ್ಡವರು ಸೇರಿ ಏನೋ ಮಾಡುತ್ತಿದ್ದಾರೆ ಎಂಬ ಸುಳಿವು ಸಿಕ್ಕಿದೆಯೆಂದು ಫೋನಿನಲ್ಲಿ ಎಂಟು ಸೆಕೆಂಡಿನ ವಿಡಿಯೋ ತೋರಿಸಿದ. ಕಪ್ಪು ಪರದೆ, ಒಂದು ಗುಡುಗು, ಒಂದು ತಾರೀಖು. ಆ ತಾರೀಖಿಗೆ ಬರುವುದು ಹಾಡಲ್ಲ, ಟೀಸರ್ ಯಾವತ್ತು ಎನ್ನುವ ಘೋಷಣೆ. 'ಏನನ್ನಿಸ್ತು?' ಅಂದೆ. 'ಗುಡುಗು ಪರವಾಗಿಲ್ಲ, ಮಿಕ್ಸಿಂಗ್ ಸರಿಯಿಲ್ಲ' ಅಂದ. ಸ್ಪೀಕರ್ ಹೊಸದಲ್ಲವೇ, ನಾನೇ ಮಾತು ತೆಗೆದೆ: 'ಇವತ್ತಾದರೂ ಲುಲು ಪೂರ್ತಿ ಕೇಳಿಬಿಡೋಣ ಕಣೋ, ಭಾನುವಾರ ಹೇಗೂ.'

ಒಳಗಿನಿಂದ ಅವನ ಮಗಳು ಶೂ ಹಾಕಿಕೊಂಡೇ ಓಡಿಬಂದಳು. 'ಅಪ್ಪಾ, ಲುಲುಗಾ? ಅಮ್ಮನೂ ರೆಡಿ ಆಗ್ತಿದ್ದಾಳೆ.' ರಾಜಾಜಿನಗರದ ಲುಲು ಮಾಲಿನಲ್ಲಿ ಭಾನುವಾರ ಪಾರ್ಕಿಂಗ್ ಸಿಗುವುದು ಎಷ್ಟು ಕಷ್ಟವೆಂದು ಬೆಂಗಳೂರಿನಲ್ಲಿ ಎಲ್ಲರಿಗೂ ಗೊತ್ತು. ನಮ್ಮವನು ಮಾತ್ರ ಪ್ರಾಣ ಉಳಿದವನ ಹಾಗೆ ಎದ್ದು, ಸ್ಪೀಕರ್‌ನ ಪ್ಲಗ್ ಕಿತ್ತು, ಕಾರಿನ ಕೀ ತೆಗೆದುಕೊಂಡ.